ಕಾಫಿ ಯಂತ್ರ ಕೊಳ್ಳುವ ಮುನ್ನ ಅಪ್ಪನನ್ನು ಕೇಳಿ!

ಸಕಲೇಶಪುರದ ಕಾಫಿ ತೋಟಗಳ ನಡುವೆ ಬೆಳೆದ ಅಪ್ಪ ಆರು ತಿಂಗಳಿಗೆಂದು ಕ್ಯುಪರ್ಟಿನೋಗೆ ಬಂದರೆ ಏನಾಗುತ್ತದೆ? ಮೊದಲ ವಾರ ಮೊಮ್ಮಕ್ಕಳು, ಎರಡನೇ ವಾರ ಗೋಲ್ಡನ್ ಗೇಟ್, ಮೂರನೇ ವಾರದಿಂದ ಬರೀ ಕಿಟಕಿ! ನಾವಿಬ್ಬರೂ ಆಫೀಸಿಗೆ, ಮಕ್ಕಳು ಸ್ಕೂಲಿಗೆ. ಕಾರು ಓಡಿಸಲು ಬಾರದ ಅಪ್ಪನಿಗೆ ಹಗಲೆಲ್ಲ ಮನೆಯೇ ಪ್ರಪಂಚ. ಊರಿಂದ ತಂದ ಕಾಫಿಪುಡಿ ಮುಗಿಯಿತು. ಇಲ್ಲಿನ ಅಂಗಡಿಯ ಪುಡಿ, ಹುರಿದು ಎಷ್ಟು ತಿಂಗಳಾಗಿತ್ತೋ, ಅವರಿಗೆ ಹಿಡಿಸಲಿಲ್ಲ. "ಟೀ ಆದರೂ ಆದೀತು ಬಿಡೋ" ಅಂದರು. ಕಾಫಿ ನಾಡಿನವರ ಬಾಯಲ್ಲಿ ಆ ಮಾತು ಕೇಳಿ ಕರುಳು ಚುರ್ರೆಂದಿತು.

ಎಸ್ಪ್ರೆಸೊ ಯಂತ್ರದ ಯೋಚನೆ ಶುರುವಾದದ್ದು ಹೀಗೆ. ಪ್ರಯೋಗಕ್ಕೆಂದು ಸ್ನೇಹಿತರಿಂದ ಹಳೆಯದೊಂದನ್ನು ಎರವಲು ತಂದು, ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನೇ ಗಟ್ಟಿಯಾಗಿ ಒತ್ತಿ ತುಂಬಿದೆ. ಎರಡು ಹನಿ ಬಿದ್ದು ನಿಂತುಹೋಯಿತು. ಯಂತ್ರ ಆರಿಸಿದೆವಲ್ಲ ಎಂದು ಅಪ್ಪ ಹಿಡಿ ತಿರುಗಿಸಿದರು. ಒಳಗೆ ಸಿಕ್ಕಿಕೊಂಡಿದ್ದ ಒತ್ತಡಕ್ಕೆ ಬಿಸಿ ಚರಟವೆಲ್ಲ ಅವರ ಮಣಿಕಟ್ಟಿನ ಮೇಲೆ ಸಿಡಿಯಿತು. ಗಾಯ ಸಣ್ಣದೇ. ಆದರೆ ಎರಡು ದಿನ ಅವರು ಅಡುಗೆಮನೆ ಕಡೆ ತಲೆಹಾಕಲಿಲ್ಲ.

ಆಮೇಲೆ ನಾನು ಕಲಿತದ್ದು ನಿಮಗೂ ಉಪಯೋಗವಾದೀತು.

ಮೊದಲನೆಯದು ಒತ್ತಡ. ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಪಾಡಿಗೆ ತಾನು ತೊಟ್ಟಿಕ್ಕುತ್ತದೆ. ಎಸ್ಪ್ರೆಸೊದಲ್ಲಿ 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ 25-30 ಸೆಕೆಂಡು ಪುಡಿಯೊಳಗೆ ನುಗ್ಗಿಸಬೇಕು. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ 15 ಬಾರ್ ಪಂಪಿನ ಗರಿಷ್ಠ ಶಕ್ತಿ ಅಷ್ಟೇ, ಅದಕ್ಕೆ ಮರುಳಾಗಬೇಡಿ. ನೋಡಬೇಕಾದದ್ದು ತ್ರೀ-ವೇ ವಾಲ್ವ್ ಇದೆಯೇ ಎಂದು. ಸ್ವಿಚ್ ಆರಿಸಿದೊಡನೆ ಉಳಿದ ಒತ್ತಡವನ್ನು ಅದು ಕೆಳಗಿನ ತಟ್ಟೆಗೆ ಬಿಟ್ಟುಬಿಡುತ್ತದೆ. ಇದ್ದರೂ ಹಿಡಿ ತಿರುಗಿಸುವ ಮುನ್ನ ಸ್ವಲ್ಪ ಕಾಯುವುದು ಒಳ್ಳೆಯದು.

ಎರಡನೆಯದು ಗ್ರೈಂಡರ್. ಬ್ಲೇಡಿನ ಮಿಕ್ಸಿಯಲ್ಲಿ ಪುಡಿ ಒಂದೇ ಸಮ ಬರುವುದಿಲ್ಲ. ಬರ್ ಗ್ರೈಂಡರೇ ಬೇಕು. 18 ಗ್ರಾಂ ಪುಡಿಗೆ ಸುಮಾರು 36 ಗ್ರಾಂ ಕಾಫಿ ಇಳಿಯಬೇಕು. ಬೇಗ ಸುರಿದರೆ ಇನ್ನೂ ನುಣ್ಣಗೆ, ತಡೆದರೆ ತುಸು ತರಿಯಾಗಿ ಬೀಸಿ. ಯಂತ್ರದ ದುಡ್ಡಿನಲ್ಲಿ ಕಡಿತ ಮಾಡಿಯಾದರೂ ಇದಕ್ಕೆ ಹಾಕಿ.

ಮೂರನೆಯದು ಹಾಲು. ಎರಡು ಬಾಯ್ಲರಿನ ದುಬಾರಿ ಯಂತ್ರದಲ್ಲಿ ಕಾಫಿ ಇಳಿಸುತ್ತಲೇ ಹಾಲಿಗೆ ಹಬೆ ಹಿಡಿಯಬಹುದು. "ಹಾಲು ಹೇಗೂ ಒಲೆ ಮೇಲೆ ಕಾಯುತ್ತಲ್ಲ, ಅದಕ್ಯಾಕೆ ಇಷ್ಟು ಡಾಲರು?" ಎಂದು ನನ್ನಾಕೆ ಕೇಳಿದ ಮೇಲೆ ಆ ಮಾತು ಅಲ್ಲಿಗೇ ಮುಗಿಯಿತು.

ಇನ್ನು ಬೀಜ ಹಾಕಿ ಗುಂಡಿ ಒತ್ತಿದರೆ ಎಲ್ಲವನ್ನೂ ತಾನೇ ಮಾಡುವ ಯಂತ್ರ. ಅಪ್ಪನ ಸುಟ್ಟ ಕೈ ನೆನೆದು ನನಗೆ ಅದೇ ಸರಿಯೆನಿಸಿತ್ತು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ನನಗೇನೋ ಕೆಲಸ?"

ಕೊನೆಗೆ ಬಂದದ್ದು ಒಂದೇ ಬಾಯ್ಲರಿನ, ತ್ರೀ-ವೇ ವಾಲ್ವ್ ಇರುವ ಗಾಜಿಯಾ ಕ್ಲಾಸಿಕ್, ಜೊತೆಗೊಂದು ಗ್ರೈಂಡರ್. 1948ರಲ್ಲಿ ಸನ್ನೆಕೋಲಿನ ಯಂತ್ರ ತಂದು ಎಸ್ಪ್ರೆಸೊಗೆ ನೊರೆಕೆನೆ ಕಟ್ಟಿಸಿದ ಮಿಲಾನಿನ ಅಕಿಲೆ ಗಾಜಿಯಾ ಹೆಸರಿನದು. ಆ ಕೆನೆ ದಟ್ಟವಾಗಲು ಇಟಲಿಯವರು ರೊಬಸ್ಟಾ ಬೆರೆಸುತ್ತಾರೆ, ನಮ್ಮ ಕಾಫಿಯ ದೊಡ್ಡ ಗಿರಾಕಿಗಳಲ್ಲಿ ಅವರೂ ಒಬ್ಬರು ಎಂದಾಗ ಅಪ್ಪ ನಕ್ಕರು: "ನಮ್ಮ ರೊಬಸ್ಟಾ ಫಾರಿನ್‌ಗೆ ಹೋಗಿ ದೊಡ್ಡ ಮನುಷ್ಯ ಆಗಿದೆ ಅನ್ನು!" ಚಿಕೋರಿ ಇಲ್ಲದಿದ್ದರೂ, ರೊಬಸ್ಟಾ ಬೆರೆತ ಬೀಜಕ್ಕೆ ಬಿಸಿ ಹಾಲು ಸೇರಿದಾಗ ಊರಿನ ಖಡಕ್ಕು ಸಾಕಷ್ಟು ಬರುತ್ತದೆ.

ಈಗ ಅಪ್ಪ ಬೆಳಿಗ್ಗೆ ಮೆಮೋರಿಯಲ್ ಪಾರ್ಕಿಗೆ ನಡೆದುಹೋಗುತ್ತಾರೆ. ಹನ್ನೊಂದಕ್ಕೆ ಅಲ್ಲಿಯ ಇಬ್ಬರು ಮೂವರು ಹಿರಿಯರು ನಮ್ಮ ಮನೆಯಲ್ಲಿ! ಸಂಜೆ ಬಂದರೆ ಸಿಂಕಿನಲ್ಲಿ ನಾಲ್ಕು ಲೋಟ ಇರುತ್ತವೆ. ತೊಳೆಯಲು ನನಗೆ ಬೇಸರವಿಲ್ಲ.

ಮುಂದಿನ ತಿಂಗಳು ಅಪ್ಪ ಊರಿಗೆ ಹೊರಡುತ್ತಾರೆ. ನನ್ನ ಕೈ ಕಾಫಿಗೆ ಅವರಿಂದ ಇನ್ನೂ ಪಾಸ್ ಮಾರ್ಕ್ಸ್ ಸಿಕ್ಕಿಲ್ಲ.