ಒಂದು ದೇಹ, ಹಲವು ಹೆಸರು

ಒಂದೇ ದೇಹದಲ್ಲಿ ಬೇರೆ ಬೇರೆ ಹೆಸರಿನ ವ್ಯಕ್ತಿಗಳು ಸರದಿಯಂತೆ ತಲೆದೋರುವುದು, ಒಬ್ಬರ ಕಾಲದಲ್ಲಿ ನಡೆದುದು ಮತ್ತೊಬ್ಬರ ಸ್ಮೃತಿಗೆ ನಿಲುಕದಿರುವುದು, ಇವು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂಬ ಮನೋವ್ಯಾಧಿಯ ಲಕ್ಷಣಗಳು. ಇದನ್ನು ಬಹುವ್ಯಕ್ತಿತ್ವವೆಂದು ಕರೆಯೋಣ. ಇದರ ಮೂಲದ ವಿಷಯದಲ್ಲಿ ವೈದ್ಯರೊಳಗೆ ಇಂದಿಗೂ ಐಕಮತ್ಯವಿಲ್ಲ.

ಎಳೆತನದಲ್ಲಿ ದುಸ್ಸಹವಾದ ಹಿಂಸೆಗೆ ಗುರಿಯಾದ ಮನಸ್ಸು ಆ ನೋವನ್ನು ತನ್ನದಲ್ಲವೆಂದು ಬೇರ್ಪಡಿಸಿಡುವುದು, ಬೇರ್ಪಟ್ಟ ಅಂಶಗಳೇ ಮುಂದೆ ಅನ್ಯವ್ಯಕ್ತಿಗಳಂತೆ ವರ್ತಿಸುವುವು ಎಂಬುದು ಒಂದು ಪಕ್ಷ. ನೊಂದ ಮನಸ್ಸು ಸೂಚನೆಗೆ ಬಹುಬೇಗ ವಶವಾಗುವುದು, ವೈದ್ಯನ ಪ್ರಶ್ನೆಗಳೂ ಪುಸ್ತಕ ಚಲಚ್ಚಿತ್ರಗಳೂ ಅದಕ್ಕೆ ಈ ಪಾತ್ರಗಳನ್ನು ಕಲಿಸುವುವು ಎಂಬುದು ಪ್ರತಿಪಕ್ಷ.

ಇದಕ್ಕೆ ಅಮೆರಿಕದ ಸಿಬಿಲ್ ಪ್ರಕರಣವೇ ನಿದರ್ಶನ. ಸಿಬಿಲ್ ಎಂಬುದು ಕಲ್ಪಿತನಾಮ. ಆಕೆಯಲ್ಲಿ 16 ವ್ಯಕ್ತಿಗಳಿದ್ದರೆಂದು ಡಾಕ್ಟರ್ ಕಾರ್ನೀಲಿಯಾ ವಿಲ್ಬರ್ ನಿರ್ಣಯಿಸಿದರು. 1973ರಲ್ಲಿ ಫ್ಲೋರಾ ಶ್ರೈಬರ್ ಬರೆದ ಪುಸ್ತಕವೂ 1976ರ ದೂರದರ್ಶನ ಚಿತ್ರವೂ ಈ ಕಥೆಯನ್ನು ಮನೆಮನೆಗೆ ಮುಟ್ಟಿಸಿದುವು. ಅದುವರೆಗೆ ಅತಿವಿರಳವಾಗಿದ್ದ ಈ ರೋಗವು ಅನಂತರ ಆ ದೇಶದಲ್ಲಿ ಸಾವಿರಾರು ಜನರಲ್ಲಿ ಕಂಡುಬಂದಿತು. 1980ರಲ್ಲಿ ಅಲ್ಲಿನ ಮನೋವೈದ್ಯಸಂಘವು ತನ್ನ ರೋಗಸೂಚಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು; ಈಗಿನ ಹೆಸರು 1994ರದು.

ಆದರೆ 1958ರಲ್ಲಿಯೇ ಆ ರೋಗಿಣಿಯು ತನ್ನಲ್ಲಿ ಬೇರೆ ವ್ಯಕ್ತಿಗಳಿಲ್ಲ, ಎಲ್ಲವೂ ನಟನೆಯೆಂದು ವೈದ್ಯೆಗೆ ಪತ್ರ ಬರೆದಿದ್ದಳು. ವಿಲ್ಬರ್ ಅದನ್ನು ಚಿಕಿತ್ಸೆಗೆ ತೋರಿದ ಪ್ರತಿರೋಧವೆಂದು ಬಗೆದರು. ಆಕೆಯನ್ನು ನೋಡಿದ್ದ ಡಾಕ್ಟರ್ ಹರ್ಬರ್ಟ್ ಸ್ಪೀಗೆಲ್ ಮತ್ತೊಂದು ಸಂಗತಿ ಹೇಳಿದರು. ಮಾತಿನ ನಡುವೆ ಆಕೆ, ತಾನೀಗ ಹೆಲೆನ್ ಆಗಬೇಕೇ ಎಂದು ಕೇಳಿದಳಂತೆ. ವಿಲ್ಬರ್ ಹಾಗೆ ಬಯಸುತ್ತಿದ್ದರೆಂದಳಂತೆ.

ಚಿಕಿತ್ಸೆಯಲ್ಲಿಯೂ ಇದೇ ತೊಡಕು. ಮೊದಲು ರೋಗಿಗೆ ಅಭಯ, ನಿತ್ಯಜೀವನದ ಸ್ಥಿರತೆ. ಬಳಿಕ ಹಳೆಯ ನೋವಿನ ವಿಚಾರ. ಕಡೆಗೆ ಅಂಶಗಳ ಏಕೀಕರಣ, ಇದು ಒಂದು ಪಕ್ಷದ ಕ್ರಮ. ಒಂದೊಂದು ಅಂಶವನ್ನೂ ಹೆಸರುಗೊಂಡು ಮಾತನಾಡಿಸಿದರೆ ಬಿರುಕು ಬಲಿಯುವುದೆಂದು ಇತರರ ಆಕ್ಷೇಪ. ಈ ರೋಗವನ್ನೇ ನೀಗುವ ಔಷಧವಿಲ್ಲ. ಜೊತೆಗೂಡಿದ ಖಿನ್ನತೆ, ಕಳವಳಗಳಿಗೆ ಔಷಧ ಉಂಟು.

ಇದು ನಮ್ಮ ಮನೆಗಳಿಗೆ ದೂರದ ಮಾತಲ್ಲ. ಮೈಮೇಲೆ ಬರುವ ಅನುಭವವೂ ಈ ರೋಗದ ಒಂದು ರೂಪವಾಗಿರಬಹುದೆಂದು 2013ರ ಅಮೆರಿಕದ ರೋಗಸೂಚಿಯು ಒಪ್ಪಿದೆ. ಆಚಾರಸಮ್ಮತವಾದ ಆವೇಶವನ್ನು ಮಾತ್ರ ರೋಗವೆಂದೆಣಿಸಿಲ್ಲ. ನಮ್ಮಲ್ಲಿ ಮಂತ್ರವಾದಿಯು "ಯಾರು ನೀನು? ಎಲ್ಲಿಂದ ಬಂದೆ?" ಎಂದು ಗದರಿಸುವನು, ಒಂದು ಹೆಸರು ಹೊರಡುವುದು. ಆ ಹೆಸರು ಒಳಗೆ ಇದ್ದುದೋ, ಪ್ರಶ್ನೆಯಿಂದ ಹುಟ್ಟಿದುದೋ? ವೈದ್ಯರ ವಿವಾದವೂ ಇದೇ ಅಲ್ಲವೆ?

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮನೆಯಲ್ಲಿ ಇಂಥ ಚಿಹ್ನೆ ಕಂಡರೆ ಹೊಡೆಯಬೇಡಿ, ನಗಬೇಡಿ, ಹೆಸರು ಕೇಳಿ ಕೆದಕಲೂ ಬೇಡಿ. ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ವ್ಯಕ್ತಿಗಳೆಷ್ಟೆಂಬುದು ವಿವಾದಾಸ್ಪದವಾದರೂ ನೋವು ನಿರ್ವಿವಾದ.