ಕುಂಡದ ಆಲಕ್ಕೂ ಬೇಕು ಮಳೆಗಾಲದ ಪಂಚಾಂಗ

ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ತುಳಸಿ, ದಾಸವಾಳ, ಗ್ರಿಲ್‌ಗೆ ಹಬ್ಬಿಸಿದ ಬಸಳೆ ಹೊಸತೇನಲ್ಲ. ಈಚೆಗೆ ಆ ಸಾಲಿಗೆ ಬೋನ್ಸಾಯ್ ಕುಂಡವೂ ಸೇರಿಕೊಂಡಿದೆ. ಹೆಚ್ಚಿನವರಿಗೆ ಇದು ಗೃಹಪ್ರವೇಶಕ್ಕೋ ನಿವೃತ್ತಿಯ ಬೀಳ್ಕೊಡುಗೆಗೋ ಉಡುಗೊರೆಯಾಗಿ ಬಂದದ್ದು. ವಿಷಾದದ ಸಂಗತಿಯೆಂದರೆ, ನಾನು ಬಲ್ಲ ಮನೆಗಳಲ್ಲಿ ಹೀಗೆ ಬಂದ ಗಿಡಗಳ ಪೈಕಿ ಎರಡನೇ ವರ್ಷ ಕಂಡವು ಕಡಿಮೆ. ಇದಕ್ಕೆ ಗಿಡವನ್ನೂ ದೂರುವಂತಿಲ್ಲ, ಮನೆಯವರನ್ನೂ ದೂರುವಂತಿಲ್ಲ. ಪುಸ್ತಕಗಳಲ್ಲಿರುವ ಆರೈಕೆಯ ಕ್ರಮ ಹಿಮ ಬೀಳುವ, ವಸಂತದಲ್ಲಿ ಚಿಗುರುವ ನಾಡಿನದ್ದು. ನಮ್ಮದು ಮೃಗಶಿರಾ, ಆರಿದ್ರಾ ಮಳೆಗಳ ಲೆಕ್ಕ. ಈ ನಗರದಲ್ಲಿ ಬೋನ್ಸಾಯ್ ಬಾಳಬೇಕಾದರೆ ಈ ಲೆಕ್ಕವನ್ನೇ ಹಿಡಿಯಬೇಕು.

ಬೋನ್ ಎಂದರೆ ತಟ್ಟೆಯಂಥ ಪಾತ್ರೆ, ಸಾಯ್ ಎಂದರೆ ನೆಡುವುದು. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಕಲೆ ಇದು. ಬೋನ್ಸಾಯ್‌ಗೆ ಪ್ರತ್ಯೇಕ ಬೀಜವಾಗಲಿ, ಗಿಡವನ್ನು ಕುಳ್ಳಾಗಿಸುವ ಔಷಧವಾಗಲಿ ಇಲ್ಲ. ಬೇರನ್ನೂ ಗೆಲ್ಲನ್ನೂ ಹೊತ್ತುಹೊತ್ತಿಗೆ ಸವರುವುದೇ ಇದರ ಗುಟ್ಟು. ‘ಮರವನ್ನು ಹೀಗೆ ಕಟ್ಟಿಹಾಕುವುದು ಪಾಪವಲ್ಲವೇ’ ಎಂದು ಸಂಘದ ಸಭೆಗಳಲ್ಲಿ ಹಿರಿಯರು ಕೇಳುವುದುಂಟು. ಶಂಕರಪುರದ ಮಲ್ಲಿಗೆ ಬೆಳೆಗಾರರು ಗಿಡ ಸವರದೆ ಹೂ ಕೊಯ್ಯುತ್ತಾರೆಯೇ? ಸವರುವುದರಿಂದ ಗಿಡ ಸಾಯುವುದಿಲ್ಲ. ನೀರು ಮರೆತರೆ ಸಾಯುತ್ತದೆ.

ಮುಂಬಯಿಯ ಹವೆಗೆ ಹೇಳಿ ಮಾಡಿಸಿದ ಜಾತಿಗಳೆಂದರೆ ಆಲ, ಅರಳಿ, ಅತ್ತಿ, ಬಸರಿ. ಕಾಗದದ ಹೂ, ಹುಣಸೆ, ಕಾಮಿನಿ, ಜೇಡ್ ಕೂಡ ಒಗ್ಗುತ್ತವೆ. ಚಿತ್ರಗಳಲ್ಲಿ ಕಾಣುವ ಪೈನ್, ಮೇಪಲ್‌ಗಳ ಆಸೆಯನ್ನು ಬಿಡುವುದು ಒಳಿತು. ಚಳಿಯ ನಿದ್ದೆಯಿಲ್ಲದೆ ಅವು ಇಲ್ಲಿ ಸೊರಗುತ್ತವೆ. ಅರಳಿ, ಆಲದ ಸಸಿಗಳಿಗೆ ಅಂಗಡಿಗೂ ಹೋಗಬೇಕಾಗಿಲ್ಲ. ಹಳೆಯ ಕಟ್ಟಡಗಳ ಗೋಡೆಯ ಬಿರುಕಿನಲ್ಲಿ, ಡ್ರೈನೇಜ್ ಪೈಪಿನ ಸಂದಿಯಲ್ಲಿ ಕಾಗೆಗಳ ಕೃಪೆಯಿಂದ ಅವು ತಾವಾಗಿ ಹುಟ್ಟುತ್ತವೆ. ಸೊಸೈಟಿಯ ರಿಪೇರಿಯವರು ಕಿತ್ತು ಎಸೆಯುವ ಮುನ್ನ ಕೇಳಿ ಪಡೆದರಾಯಿತು.

ಕುಂಡ ಬದಲಿಸಲು ಫೆಬ್ರವರಿ-ಮಾರ್ಚ್ ತಿಂಗಳೂ ಒಳ್ಳೆಯದೆನ್ನುತ್ತಾರೆ. ಮಾರ್ಚ್ ಅಂತ್ಯದ ಲೆಕ್ಕದಲ್ಲಿ ಮುಳುಗಿರುವ ನಮ್ಮಂಥ ಬ್ಯಾಂಕಿನವರಿಗೆ ಅದು ಆಗದ ಮಾತು. ಅದೃಷ್ಟವಶಾತ್ ಇನ್ನೊಂದು ಮುಹೂರ್ತವಿದೆ. ಪತ್ತನಾಜೆ ಕಳೆದು, ಊರಿನಿಂದ ಮರಳಿ, ಜೂನ್ ಎರಡನೇ ವಾರದ ಸುಮಾರಿಗೆ ಮಳೆ ಹಿಡಿಯಿತೆಂದರೆ ಗಾಳಿಯಲ್ಲಿ ತೇವ ತುಂಬುತ್ತದೆ, ಕತ್ತರಿಸಿದ ಬೇರು ಬೇಗ ಚಿಗುರುತ್ತದೆ. ಗಿಡವನ್ನು ಎತ್ತಿ, ಸುತ್ತಿಕೊಂಡ ಬೇರಿನಲ್ಲಿ ಮೂರನೇ ಒಂದು ಪಾಲನ್ನು ಕತ್ತರಿಸಬೇಕು. ಎಳೆಯ ಗಿಡಕ್ಕೆ ಎರಡು ವರ್ಷಕ್ಕೊಮ್ಮೆ, ಹಳೆಯದಕ್ಕೆ ಮೂರು-ನಾಲ್ಕು ವರ್ಷಕ್ಕೊಮ್ಮೆ ಸಾಕು. ಬರೀ ತೋಟದ ಮಣ್ಣು ಬೇಡವೇ ಬೇಡ, ಮಳೆಗೆ ಅದು ಕೆಸರಾಗಿ ಬೇರು ಕೊಳೆಯುತ್ತದೆ. ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು, ಹಳೆಯ ಹಟ್ಟಿಗೊಬ್ಬರ, ಇವಿಷ್ಟು ಸಾಕು. ಹೊಸ ಕುಂಡದಲ್ಲಿಟ್ಟ ಗಿಡವನ್ನು ತಂತಿಯಿಂದ ಅಲುಗದಂತೆ ಬಿಗಿದು, ಎರಡು ವಾರ ಜಡಿಮಳೆ ಬೀಳದ ಕಡೆ ಇಡಬೇಕು. ಮೊದಲ ತಿಂಗಳು ಗೊಬ್ಬರ ಕೊಡಬಾರದು.

ಇನ್ನು ಗೆಲ್ಲು ಸವರುವ ವಿಷಯ. ಬೋನ್ಸಾಯ್‌ನ ಅಂದ ನಿಂತಿರುವುದು ಇದರ ಮೇಲೆ. ಚಿಗುರು ಆರು-ಎಂಟು ಎಲೆ ಬಿಡುವವರೆಗೆ ಕಾದು, ಎರಡೆಲೆ ಉಳಿಸಿ ಕತ್ತರಿಸಬೇಕು. ಉಳಿದ ಕೊನೆಯ ಎಲೆ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಹೊಸ ಗೆಲ್ಲು ಆ ದಿಕ್ಕಿಗೇ ಹೊರಡುತ್ತದೆ. ಕತ್ತರಿ ಹಿಡಿಯುವ ಮೊದಲು ಒಂದು ನಿಮಿಷ ನೋಡಬೇಕೆನ್ನುವುದು ಇದಕ್ಕಾಗಿಯೇ. ಒಂದೇ ಎತ್ತರದಲ್ಲಿ ಎದುರುಬದುರು ಹುಟ್ಟಿದ ಎರಡರಲ್ಲಿ ಒಂದನ್ನು ತೆಗೆಯಬೇಕು. ಒಂದನ್ನೊಂದು ದಾಟುವುದು, ನೇರ ನೋಡುವವರ ಕಣ್ಣಿಗೆ ಚಾಚುವುದು ಕೂಡ ಬೇಡ. ಕೆಳಗಿನ ಗೆಲ್ಲು ದಪ್ಪ, ಮೇಲಿನದು ಸಪೂರ ಇದ್ದರೆ ಗಿಡ ಮರದಂತೆ ಕಾಣುತ್ತದೆ. ಕತ್ತರಿಸಿದ ಕಡೆ ಒಸರುವ ಹಾಲು ನೀರು ಚಿಮುಕಿಸಿದರೆ ನಿಲ್ಲುತ್ತದೆ. ಕಚೇರಿಗೆ ಹೊರಟ ಅಂಗಿಯಲ್ಲಿ ಮಾತ್ರ ಈ ಕೆಲಸ ಮಾಡಬೇಡಿ, ಹಾಲಿನ ಕಲೆ ಸುಲಭವಾಗಿ ಬಿಡದು.

ಆಕಾರದ ಬಗ್ಗೆ ನನ್ನದೊಂದು ತಕರಾರಿದೆ. ಪುಸ್ತಕ ನೋಡಿ ಆಲವನ್ನೂ ಪೈನ್ ಮರದಂತೆ ಮೊನೆಯಾಗಿ ತಿದ್ದುವವರಿದ್ದಾರೆ. ಊರಿನ ಕಟ್ಟೆಯ ಗೋಳಿಮರ ನೋಡಿ ಬೆಳೆದ ನಮಗೆ ಅದು ಒಪ್ಪುವುದಾದರೂ ಹೇಗೆ? ಬೆಂಗಳೂರು ಸಮೀಪದ ಕೇತೋಹಳ್ಳಿಯ ದೊಡ್ಡ ಆಲದ ಮರ ಮೂಲ ಕಾಂಡವನ್ನು ಕಳೆದುಕೊಂಡರೂ ಬಿಳಲುಗಳ ಮೇಲೆಯೇ ಸುಮಾರು ಮೂರು ಎಕರೆ ಹರಡಿ ನಿಂತಿದೆ. ಆಲದ ಲಕ್ಷಣವೆಂದರೆ ಕೊಡೆಯಂತೆ ಅಗಲವಾದ ತಲೆ ಮತ್ತು ಬಿಳಲು. ಶೀತದೇಶದವರು ಗಾಜಿನ ಮನೆ ಕಟ್ಟಿ ಪಡೆಯುವ ತೇವವನ್ನು ನಮ್ಮ ಆಟಿ ತಿಂಗಳು ಪುಕ್ಕಟೆ ಕೊಡುತ್ತದೆ. ಆಗ ಇಳಿಯುವ ಎಳೆಯ ಬಿಳಲನ್ನು ತಂಪು ಪಾನೀಯದ ನಳಿಗೆಯೊಳಗೆ ತೂರಿಸಿ ಮಣ್ಣಿಗೆ ಮುಟ್ಟಿಸಿದರೆ ಒಣಗದೆ ನೆಲ ಹಿಡಿಯುತ್ತದೆ.

ಗೆಲ್ಲು ಬಾಗಿಸಲು ಅಲ್ಯುಮಿನಿಯಂ ತಂತಿ ಸಾಕು. ಗೆಲ್ಲಿನ ಮೂರನೇ ಒಂದಂಶ ದಪ್ಪದ್ದನ್ನು ಓರೆಯಾಗಿ ಸುತ್ತಬೇಕು. ಮಳೆಗಾಲದಲ್ಲಿ ಗೆಲ್ಲು ಎಷ್ಟು ಬೇಗ ದಪ್ಪವಾಗುತ್ತದೆಂದರೆ ನಾಲ್ಕೈದು ವಾರಗಳಲ್ಲಿ ತಂತಿ ತೊಗಟೆಯೊಳಗೆ ಇಳಿಯುತ್ತದೆ. ಸುತ್ತಿದ ತಾರೀಕನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಮರೆಯುವುದಿಲ್ಲ. ತೆಗೆಯುವಾಗ ಬಿಚ್ಚಬಾರದು, ತುಂಡುತುಂಡಾಗಿ ಕತ್ತರಿಸಬೇಕು.

ಮಳೆ ಎಲ್ಲವನ್ನೂ ಕೊಟ್ಟರೂ ಅತಿಯಾದಾಗ ಅದೇ ಶತ್ರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆಯಾದುದನ್ನು ಮುಂಬಯಿಗರು ಮರೆಯಲಾರರು. ಅಂಥ ದಿನ ಬರಲಿ ಬಿಡಲಿ, ಜುಲೈಯಲ್ಲಿ ಕುಂಡದ ಒಂದು ಬದಿಗೆ ಸಣ್ಣ ಮರದ ತುಂಡು ಕೊಟ್ಟು ಓರೆಯಾಗಿಟ್ಟರೆ ನೀರು ನಿಲ್ಲದೆ ಹರಿಯುತ್ತದೆ. ಅಡಿಯ ತಟ್ಟೆ ತೆಗೆಯಲೇಬೇಕು, ಅದು ಸೊಳ್ಳೆಗಳ ತವರು. ಗಾಳಿಗೆ ಕುಂಡ ಕೆಳಗಿನವರ ತಲೆಯ ಮೇಲೆ ಬೀಳದಂತೆ ಕಿಟಕಿಯ ಅಂಚಿನಿಂದ ಒಳಗಿಡುವುದು ನಮ್ಮ ಜವಾಬ್ದಾರಿ.

ಅಕ್ಟೋಬರದ ಬಿಸಿಲು ಮಳೆಗಾಲದ ಎಳೆಯ ಎಲೆಗಳನ್ನು ಸುಡುತ್ತದೆ, ಕೆಲ ದಿನ ನೆರಳು ಕೊಡಬೇಕು. ಬೇವಿನ ಅಥವಾ ಕಡಲೆಕಾಯಿ ಹಿಂಡಿ ಕೊಡಲು ಆಗ ಸಕಾಲ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ, ನೀರೂ ಕಡಿಮೆ ಸಾಕು. ಕಾಗದದ ಹೂವಿಗಂತೂ ನೀರು ಸ್ವಲ್ಪ ತಡೆದರೇ ಹೂ ಹೆಚ್ಚು.

ಎಲ್ಲಕ್ಕಿಂತ ಕಷ್ಟದ ತಿಂಗಳು ಮೇ. ಆಳವಿಲ್ಲದ ಕುಂಡ ದಿನಕ್ಕೆ ಎರಡು ಬಾರಿ ನೀರು ಕೇಳುವುದೂ ಆಗಲೇ, ಮಕ್ಕಳ ರಜೆಯೆಂದು ನಾವು ಕೊಂಕಣ ರೈಲು ಹತ್ತುವುದೂ ಆಗಲೇ. ಮದುವೆ, ನೇಮ, ಬ್ರಹ್ಮಕಲಶ ಮುಗಿಸಿ ಹದಿನೈದು ದಿನ ಬಿಟ್ಟು ಬಂದರೆ ಇಪ್ಪತ್ತು ವರ್ಷದ ಮರ ಕಟ್ಟಿಗೆಯಾಗಿರುತ್ತದೆ. ಒದ್ದೆ ಮರಳು ತುಂಬಿದ ಟಬ್ಬಿನಲ್ಲಿ ಕುಂಡವನ್ನು ಹೂತು ನೆರಳಿನಲ್ಲಿಟ್ಟರೆ ಎರಡು-ಮೂರು ದಿನ ತಡೆದೀತು, ಅದಕ್ಕಿಂತ ಹೆಚ್ಚಿಗೆ ಮನುಷ್ಯರೇ ಬೇಕು. ನಮ್ಮ ಸಂಘಗಳು ವಿದ್ಯಾರ್ಥಿವೇತನ, ಆರೋಗ್ಯ ಶಿಬಿರ, ಯಕ್ಷಗಾನ ಎಲ್ಲವನ್ನೂ ನಡೆಸುತ್ತವೆ. ಮೇ ತಿಂಗಳಲ್ಲಿ ಊರಿಗೆ ಹೋಗದ ಸದಸ್ಯರ ಪಟ್ಟಿ ಮಾಡಿ, ಒಂದೇ ಬಡಾವಣೆಯವರ ಕುಂಡಗಳನ್ನು ಸರದಿಯಂತೆ ನೋಡಿಕೊಳ್ಳುವ ಏರ್ಪಾಡು ಮಾಡಿದರೆ ಖರ್ಚೇನೂ ಇಲ್ಲ.

ನಿವೃತ್ತರಾಗಿ ಊರಿಗೆ ಮರಳುವವರಿಗೂ, ವಿದೇಶದ ಮಕ್ಕಳ ಬಳಿ ಹೋಗುವವರಿಗೂ ಇದೇ ಚಿಂತೆ. ಮಣ್ಣು ಸಹಿತ ಗಿಡವನ್ನು ಹೆಚ್ಚಿನ ದೇಶಗಳು ಒಳಗೆ ಬಿಡುವುದಿಲ್ಲ. ಬೋನ್ಸಾಯ್ ಮಾಲೀಕನಿಗಿಂತ ಹೆಚ್ಚು ಬಾಳುವ ವಸ್ತು. 1625ರಿಂದ ಕುಂಡದಲ್ಲಿರುವ ಜಪಾನಿನ ಒಂದು ಬಿಳಿ ಪೈನ್, ಹಿರೋಶಿಮಾದಲ್ಲಿ ಯಾಮಾಕಿ ಕುಟುಂಬದ ಬಳಿಯಿತ್ತು. 1945ರ ಅಣುಬಾಂಬಿಗೂ ಅದು ಉಳಿಯಿತು. 1976ರಲ್ಲಿ ಆ ಕುಟುಂಬ ಅದನ್ನು ಅಮೆರಿಕಕ್ಕೇ ದಾನ ಮಾಡಿತು. ಬಾಂಬಿನ ವಿಷಯ ವಾಷಿಂಗ್ಟನ್‌ನ ಸಂಗ್ರಹಾಲಯದವರಿಗೆ ತಿಳಿದದ್ದು 2001ರಲ್ಲಿ, ಮೊಮ್ಮಕ್ಕಳು ಮರ ನೋಡಲು ಹೋದಾಗ.

ಗಿಡ ದಾಟಿಸುವ ಯೋಚನೆಯುಳ್ಳವರು ಕೊನೆಯ ವಾರದವರೆಗೆ ಕಾಯಬಾರದು. ಜೂನ್-ಜುಲೈಯಲ್ಲಿ ಜಾಗ ಬದಲಾದರೆ ಗಿಡ ಬೇಗ ಒಗ್ಗುತ್ತದೆ. ಪಡೆಯುವವರನ್ನು ಒಂದೆರಡು ಬಾರಿ ಮನೆಗೆ ಕರೆದು ಅವರ ಕೈಯಿಂದಲೇ ಸವರಿಸಿ, ಬೇರು ಕತ್ತರಿಸಿದ, ತಂತಿ ಸುತ್ತಿದ ತಾರೀಕುಗಳಿರುವ ವಹಿಯನ್ನೂ ಕುಂಡದ ಜೊತೆಗೆ ಕೊಡಬೇಕು.