ಕೆಂಬಾವುಟ ಎಲ್ಲಿ ಉಳಿಯಿತು, ಎಲ್ಲಿ ಇಳಿಯಿತು?

1972ರಲ್ಲಿ ಬಂಟ್ವಾಳದ ಮತದಾರರು ಭಾರತ ಕಮ್ಯುನಿಸ್ಟ್ ಪಕ್ಷದ ಬಿ.ವಿ. ಕಕ್ಕಿಲ್ಲಾಯರನ್ನು ವಿಧಾನಸಭೆಗೆ ಕಳುಹಿಸಿದರು. 1978ರಲ್ಲಿ ಅವರು ಅದೇ ತಾಲ್ಲೂಕಿನ ವಿಟ್ಲದಿಂದ ಮತ್ತೆ ಗೆದ್ದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಇಂದಿನ ಯುವಕರಿಗೆ ಇದನ್ನು ಹೇಳಿದರೆ ಅಚ್ಚರಿಪಡುತ್ತಾರೆ. ಕಮ್ಯುನಿಸ್ಟ್ ಆಡಳಿತಗಳು ಕೆಲವೆಡೆ ಕುಸಿದು ಕೆಲವೆಡೆ ಉಳಿದದ್ದೇಕೆ ಎಂಬ ಪ್ರಶ್ನೆಯನ್ನು ಚರ್ಚಿಸುವಾಗ ನಾವು ಮಾಸ್ಕೋ, ಬೀಜಿಂಗ್‌ಗಳತ್ತ ನೋಡುತ್ತೇವೆ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಅನುಭವವೂ ಈ ಪ್ರಶ್ನೆಗೆ ಬೆಳಕು ನೀಡಬಲ್ಲದು.

ಮೊದಲು ಹೊರಗಿನ ಚಿತ್ರ. ಪೂರ್ವ ಯುರೋಪಿನ ಬಹುತೇಕ ಸರ್ಕಾರಗಳು ಸೋವಿಯತ್ ಸೇನೆಯ ನೆರಳಿನಲ್ಲಿ ಸ್ಥಾಪನೆಯಾದಂಥವು. ಆ ಸೇನೆ ಇನ್ನು ನೆರವಿಗೆ ಬಾರದೆಂದು ಖಚಿತವಾದಾಗ, 1989ರಲ್ಲಿ, ಅವು ಕೆಲವೇ ತಿಂಗಳುಗಳಲ್ಲಿ ಉರುಳಿದವು. ಚೀನಾ, ವಿಯೆಟ್ನಾಂ, ಕ್ಯೂಬಾಗಳಲ್ಲಿ ಕ್ರಾಂತಿ ಆ ನೆಲದಲ್ಲೇ ಹುಟ್ಟಿ, ರಾಷ್ಟ್ರಾಭಿಮಾನದೊಡನೆ ಬೆರೆತಿತ್ತು. ಆದರೆ ಇದೊಂದೇ ಕಾರಣ ಸಾಲದು. ರಷ್ಯಾದ ಕ್ರಾಂತಿಯೂ ಸ್ವಂತದ್ದೇ. ಯುಗೊಸ್ಲಾವಿಯ, ಅಲ್ಬೇನಿಯಗಳ ಹೋರಾಟಗಳೂ ಸ್ವಂತದ್ದೇ. ಅವೂ ಉಳಿಯಲಿಲ್ಲ.

ಚೀನಾ 1978ರ ನಂತರ ಸಾಮೂಹಿಕ ಬೇಸಾಯವನ್ನು ಕೈಬಿಟ್ಟು ಹೊಲಗಳನ್ನು ಕುಟುಂಬಗಳ ವಶಕ್ಕೆ ಕೊಟ್ಟಿತು. ವಿಯೆಟ್ನಾಂ 1986ರಲ್ಲಿ ಆರ್ಥಿಕ ಸುಧಾರಣೆಗೆ ಕೈಹಾಕಿತು. ಅಲ್ಲಿನ ರೈತನಿಗೆ ಬದಲಾವಣೆಯ ಫಲ ಮೊದಲು ಕಂಡದ್ದು ಊಟದ ತಟ್ಟೆಯಲ್ಲಿ. ಗೋರ್ಬಚೆವ್ ಮಾತಿನ ಸ್ವಾತಂತ್ರ್ಯ ಕೊಟ್ಟರು. ಅಂಗಡಿಗಳ ಕಪಾಟುಗಳು ಮಾತ್ರ ಬರಿದಾಗುತ್ತಲೇ ಹೋದವು. ಇನ್ನೊಂದು ಕಹಿ ಸತ್ಯವನ್ನೂ ಮರೆಯಲಾಗದು. 1989ರ ಜೂನ್‌ನಲ್ಲಿ ಬೀಜಿಂಗಿನ ನಾಯಕರು ಸ್ವಂತ ಪ್ರಜೆಗಳ ಮೇಲೆ ಗುಂಡು ಹಾರಿಸಲು ಹಿಂಜರಿಯಲಿಲ್ಲ. ಉತ್ತರ ಕೊರಿಯವಂತೂ 1990ರ ದಶಕದ ಭೀಕರ ಕ್ಷಾಮದ ನಡುವೆಯೂ ಬಾಗಿಲು ಮುಚ್ಚಿಕೊಂಡೇ ಉಳಿಯಿತು. ಆದ್ದರಿಂದ ಉಳಿವನ್ನು ಯೋಗ್ಯತೆಯ ಪ್ರಮಾಣಪತ್ರವೆಂದು ಭಾವಿಸಬೇಕಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. 1956ರವರೆಗೆ ಕಾಸರಗೋಡು, ಬಂಟ್ವಾಳಗಳು ಒಂದೇ ಜಿಲ್ಲೆಯಲ್ಲಿದ್ದವು. 1943ರಲ್ಲಿ ನಾಲ್ವರು ರೈತ ಹೋರಾಟಗಾರರನ್ನು ಗಲ್ಲಿಗೇರಿಸಿದ ಕಯ್ಯೂರು ಪ್ರಕರಣ ನಡೆದದ್ದೂ ಅದೇ ಜಿಲ್ಲೆಯಲ್ಲಿ. ಕಕ್ಕಿಲ್ಲಾಯರು ಹುಟ್ಟಿದ್ದೂ ಕಾಸರಗೋಡಿನ ಬೇವಿಂಜೆಯಲ್ಲಿ. ಗಡಿಯ ಆಚೆ ಎಡಪಕ್ಷಗಳು ಬೇರೂರಿ ನಿಂತವು, ಈಚೆ ಕ್ಷೀಣಿಸಿದವು. ಗೇಣಿದಾರರಿಗೆ ಎರಡೂ ಕಡೆ ಭೂಮಿ ದೊರೆಯಿತು: ಕೇರಳದಲ್ಲಿ 1970ರ ಜನವರಿ 1ರಿಂದ, ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ. ಹಾಗಿದ್ದರೆ ವ್ಯತ್ಯಾಸವೆಲ್ಲಿ?

1980ರ ದಶಕದ ಕೊನೆಯಲ್ಲಿ, ಕಿರಿಯ ಅಧಿಕಾರಿಯಾಗಿ, ಬಾಕಿ ಉಳಿದಿದ್ದ ಭೂನ್ಯಾಯಮಂಡಳಿಯ ಕಡತಗಳನ್ನು ನಾನು ನೋಡಬೇಕಾಗಿತ್ತು. ಸ್ಥಳ ತನಿಖೆಗೆ ಹೋದಾಗ, ಗೇಣಿಯ ಗದ್ದೆ ತನ್ನ ಹೆಸರಿಗಾಗಿದ್ದ ವೃದ್ಧೆಯೊಬ್ಬರನ್ನು, 'ಇದು ಸಿಕ್ಕಿದ್ದು ಯಾರಿಂದಮ್ಮಾ?' ಎಂದು ಕೇಳಿದೆ. 'ಇಂದಿರಮ್ಮ, ಅರಸು ಕೊಟ್ಟದ್ದು' ಎಂದರು. 'ಡಿಕ್ಲರೇಷನ್ ಬರೆದುಕೊಟ್ಟವರು?' ಎಂದಾಗ ಸ್ವಲ್ಪ ಯೋಚಿಸಿ, 'ಅದು ಕೆಂಪು ಬಾವುಟದವರು' ಎಂದರು. ದಶಕಗಳ ಕಾಲ ಧನಿಗಳನ್ನು ಎದುರುಹಾಕಿಕೊಂಡು ದುಡಿದವರು ಅರ್ಜಿ ಬರೆದವರಾಗಿ ಉಳಿದರು. ದಾನಿಯ ಹೆಸರು ಸರ್ಕಾರಕ್ಕೆ ಹೋಯಿತು. ಒಕ್ಕಲು ಒಡೆಯನಾದ ಮೇಲೆ ಅವನ ಚಿಂತೆ ಅಡಿಕೆಯ ಧಾರಣೆ, ಮಕ್ಕಳ ಓದು, ಮುಂಬಯಿಯ ನೌಕರಿಗಳತ್ತ ತಿರುಗಿತು. ಆ ಹೊಸ ಚಿಂತೆಗಳಿಗೆ ಪಕ್ಷದ ಬಳಿ ಹೊಸ ಉತ್ತರವಿರಲಿಲ್ಲ.

ಬೀಡಿಯ ಕತೆ ಇನ್ನೂ ಸ್ಪಷ್ಟ. 1966ರ ಬೀಡಿ ಕಾರ್ಮಿಕರ ಕಾಯ್ದೆಯನ್ನು ಕೇರಳ 1968ರಲ್ಲಿ ಜಾರಿಗೆ ತಂದಾಗ ಮಂಗಳೂರಿನ ಮಾಲೀಕರು ಕಣ್ಣೂರಿನ ತಮ್ಮ ಘಟಕಗಳನ್ನು ಮುಚ್ಚಿದರು. ಕೆಲಸ ಕಳೆದುಕೊಂಡವರಿಂದ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಅಲ್ಲಿ ಎಲ್ಲರೂ ಒಂದೆಡೆ ಕುಳಿತು ಬೀಡಿ ಕಟ್ಟುತ್ತಿದ್ದರೆ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಮುಂದೆ ಬೀಡಿಗೆ ಬೇಡಿಕೆ ಕುಸಿದಾಗ ಆ ಸಂಸ್ಥೆ ಆಹಾರ ಪದಾರ್ಥ, ಕೊಡೆಗಳ ತಯಾರಿಕೆಗೂ ಇಳಿಯಿತು. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಬೀಡಿ ಕಟ್ಟಿದವರು ಹೆಚ್ಚಾಗಿ ಹೆಂಗಸರು, ಅದೂ ತಮ್ಮ ತಮ್ಮ ಮನೆಯ ಜಗಲಿಯಲ್ಲಿ. ಎಲೆ, ಹೊಗೆಸೊಪ್ಪು ತಂದು, ಕಟ್ಟಿದ ಬೀಡಿಯನ್ನು ಗುತ್ತಿಗೆದಾರನಿಗೆ ಒಪ್ಪಿಸಿ ಬರುವವರನ್ನು ಒಂದು ಸೂರಿನಡಿ ಸೇರಿಸುವುದು ಸುಲಭವಲ್ಲ. ಸಂಘಗಳು ಕೂಲಿ, ಭವಿಷ್ಯನಿಧಿಗಾಗಿ ಹೋರಾಡಿದವು. ಅವುಗಳಿಗೆ ಸಿಕ್ಕ ಗೌರವ ಮತವಾಗಲಿಲ್ಲ.

ಬಂದೂಕಿನ ದಾರಿಯೂ ಇಲ್ಲಿ ಪರೀಕ್ಷೆಯಾಯಿತು. ಕುದುರೆಮುಖದ ಕಾಡಂಚಿನಲ್ಲಿ 2003ರ ನವೆಂಬರ್‌ನ ಈದು ಘಟನೆಯಿಂದ ಮೊದಲ್ಗೊಂಡು ಜೀವಗಳು ಹೋದವು. 2025ರ ಜನವರಿಯಲ್ಲಿ ಶರಣಾದ ಆರು ಮಂದಿ ನಕ್ಸಲೀಯರಲ್ಲಿ ಬೆಳ್ತಂಗಡಿಯ ಕುತ್ಲೂರಿನವರೂ ಇದ್ದರು. ರಾಷ್ಟ್ರೀಯ ಉದ್ಯಾನದೊಳಗಿನ ಮಲೆಕುಡಿಯರಿಗೆ ಬೇಕಾಗಿದ್ದದ್ದು ರಸ್ತೆ, ವಿದ್ಯುತ್ತು, ನೆಲದ ಹಕ್ಕು. ಅದನ್ನು ಬಂದೂಕು ಕೊಡಲಾಗಲಿಲ್ಲ. ನಾವು, ಆಡಳಿತದವರು, ಹೊತ್ತಿಗೆ ಸರಿಯಾಗಿ ಕೊಡಲಿಲ್ಲ.

ಜನರ ಬದುಕು ಬದಲಾದಂತೆ ತಾನೂ ಬದಲಾಗಿ, ಅವರ ದಿನನಿತ್ಯದ ಸಂಸ್ಥೆಗಳಲ್ಲಿ ನೆಲೆಯೂರಿದ ಪಕ್ಷ ಉಳಿಯುತ್ತದೆ. ಒಂದೇ ಬೇಡಿಕೆಯ ಮೇಲೆ ನಿಂತದ್ದು ಅದು ಈಡೇರಿದ ದಿನವೇ ಸಡಿಲವಾಗುತ್ತದೆ. ಬರಿಯ ಬಲದಿಂದಲೂ ಉಳಿಯಬಹುದು, ಆದರೆ ಅದರ ಬೆಲೆಯನ್ನು ತೆರುವವರು ಪ್ರಜೆಗಳು. ಬಂಟ್ವಾಳದ ಹಳೆಯ ಕಾರ್ಯಕರ್ತರನ್ನು ನೆನೆದಾಗ ಅವರು ಸೋತರೆಂದು ಹೇಳಲು ನನಗೆ ಮನಸ್ಸು ಬಾರದು. ಆ ವೃದ್ಧೆಯ ಗದ್ದೆಯ ಪಹಣಿಯಲ್ಲಿ ಅವರ ಹೆಸರಿಲ್ಲ. ಅವಳ ಹೆಸರಿದೆ, ಅವರು ಬಯಸಿದ್ದೂ ಅದನ್ನೇ.